ಏಳರಲ್ಲಿ ಒಬ್ಬರೋ, ನೂರರಲ್ಲಿ ಒಬ್ಬರೋ? ಮಕ್ಕಳ ಅಮಲಿನ ಲೆಕ್ಕ ಮತ್ತು ಮುಂಬೈ

ದೆಹಲಿಯ ಏಮ್ಸ್ ವೈದ್ಯರ ಮುಂದಾಳತ್ವದಲ್ಲಿ ನಡೆದ ಒಂದು ಶಾಲಾ ಸಮೀಕ್ಷೆ 2025ರ ಡಿಸೆಂಬರ್‌ನಲ್ಲಿ ಸುದ್ದಿಯಾಯಿತು. ಹತ್ತು ನಗರಗಳ 5,920 ವಿದ್ಯಾರ್ಥಿಗಳನ್ನು ಕೇಳಲಾಗಿತ್ತು. ಅವರಲ್ಲಿ ಶೇ 15.1 ಮಂದಿ ಒಮ್ಮೆಯಾದರೂ ಯಾವುದೋ ಒಂದು ಅಮಲು ಪದಾರ್ಥ ಬಳಸಿದ್ದೇವೆ ಎಂದಿದ್ದರು. ಶುರು ಮಾಡಿದ ಸರಾಸರಿ ವಯಸ್ಸು 12.9 ವರ್ಷ. ಪಟ್ಟಿಯಲ್ಲಿ ಮುಂಬೈ ಇದೆ, ಬೆಂಗಳೂರೂ ಇದೆ. ಮುಂಬೈ ಕನ್ನಡಿಗರ ಮನೆಗಳಿಗೆ ಈ ಸುದ್ದಿ ಎರಡೂ ಕಡೆಯಿಂದ ತಟ್ಟಿತು. ಇಲ್ಲಿರುವ ಮಕ್ಕಳ ಚಿಂತೆ ಒಂದಾದರೆ, ಅಲ್ಲಿ ಓದುತ್ತಿರುವ ಅಣ್ಣ, ಅಕ್ಕಂದಿರ ಮಕ್ಕಳ ಚಿಂತೆ ಇನ್ನೊಂದು.

ಗೊಂದಲ ಇರುವುದು ಬೇರೆ ಕಡೆ. ಇದೇ ಏಮ್ಸ್ ಕೇಂದ್ರ ಸಾಮಾಜಿಕ ನ್ಯಾಯ ಸಚಿವಾಲಯಕ್ಕಾಗಿ ದೇಶವ್ಯಾಪಿ ಸಮೀಕ್ಷೆ ನಡೆಸಿ 2019ರಲ್ಲಿ ವರದಿ ಕೊಟ್ಟಿತ್ತು. ಅದರ ಪ್ರಕಾರ 10ರಿಂದ 17 ವರ್ಷದವರಲ್ಲಿ ಮದ್ಯ ಕುಡಿಯುವವರು ಶೇ 1.3 ಮಾತ್ರ. ಸಂಸ್ಥೆ ಒಂದೇ. ಮಾಹಿತಿ ಕಲೆಹಾಕಿದ ಕಾಲವೂ ಹೆಚ್ಚುಕಡಿಮೆ ಒಂದೇ: ದೇಶವ್ಯಾಪಿ ಸಮೀಕ್ಷೆಯದ್ದು 2017ರ ಡಿಸೆಂಬರ್‌ನಿಂದ 2018ರ ಅಕ್ಟೋಬರ್, ಶಾಲಾ ಸಮೀಕ್ಷೆಯದ್ದು 2018ರ ಮೇಯಿಂದ 2019ರ ಜೂನ್. ಒಂದರಲ್ಲಿ ಏಳಕ್ಕೆ ಒಬ್ಬರು, ಇನ್ನೊಂದರಲ್ಲಿ ನೂರಕ್ಕೆ ಒಬ್ಬರು ಅಂದರೆ ಯಾವುದನ್ನು ನಂಬೋದು?

ಎರಡನ್ನೂ ನಂಬಬಹುದು. ಅವು ಬೇರೆ ಬೇರೆ ಪ್ರಶ್ನೆಗೆ ಬಂದ ಉತ್ತರಗಳು.

ಹನ್ನೆರಡು ಪಟ್ಟು ಅಂತರ ಹೇಗೆ ಕರಗುತ್ತದೆ

ಮೊದಲು ಶೇ 15.1ನ್ನು ಬಿಡಿಸಿ ನೋಡೋಣ. ಅದು 'ಒಮ್ಮೆಯಾದರೂ', 'ಯಾವುದಾದರೂ' ಎಂಬ ಲೆಕ್ಕ. ಮದುವೆ ಮನೆಯಲ್ಲಿ ಮಾಮನ ಗ್ಲಾಸಿನಿಂದ ಒಂದು ಗುಟುಕು ಕುಡಿದ ಹುಡುಗನೂ ಇದರಲ್ಲಿದ್ದಾನೆ, ದಿನಾ ಗಾಂಜಾ ಸೇದುವವನೂ ಇದ್ದಾನೆ. ಕಳೆದ ಒಂದು ವರ್ಷದ ಬಳಕೆ ಎಂದು ಕೇಳಿದಾಗ ಅಂಕಿ ಶೇ 10.3ಕ್ಕೆ ಇಳಿಯುತ್ತದೆ. ಕಳೆದ ತಿಂಗಳು ಎಂದರೆ ಶೇ 7.2. ಅದರಲ್ಲಿ ಮದ್ಯ ಮಾತ್ರ, ಒಂದು ವರ್ಷದ ಅವಧಿಗೆ ಎಂದರೆ ಶೇ 3.8.

2019ರ ವರದಿಯ ಶೇ 1.3 ಕೂಡ ಮದ್ಯ ಮಾತ್ರ, ಒಂದು ವರ್ಷದ ಅವಧಿಯದ್ದು. ಹಾಗಾದರೆ ಹೋಲಿಸಬೇಕಾದದ್ದು 15.1ನ್ನಲ್ಲ, 3.8ನ್ನು. ಹನ್ನೆರಡು ಪಟ್ಟು ಹತ್ತಿರ ಇದ್ದ ಅಂತರ ಮೂರು ಪಟ್ಟಿಗೆ ಬಂತು.

ಉಳಿದ ಮೂರು ಪಟ್ಟಿಗೆ ಕಾರಣ ವಯಸ್ಸು ಮತ್ತು ಜಾಗ. ಮನೆ ಮನೆಗೆ ಹೋಗಿ ಮಾಡಿದ 2019ರ ವರದಿಯ ಸಮೀಕ್ಷೆಯಲ್ಲಿ ಹತ್ತು, ಹನ್ನೊಂದು ವರ್ಷದ ಪುಟ್ಟ ಮಕ್ಕಳೂ ಸೇರಿದ್ದಾರೆ. ಶಾಲಾ ಸಮೀಕ್ಷೆ ಮಾಡಿದ್ದು 8, 9, 11, 12ನೇ ತರಗತಿಗಳಲ್ಲಿ, ಸರಾಸರಿ ವಯಸ್ಸು 14.7. ಹದಿಹರೆಯದಲ್ಲಿ ಎರಡು ಮೂರು ವರ್ಷ ಅಂದರೆ ಸಣ್ಣ ಅಂತರವಲ್ಲ. ಇದೇ ಸಮೀಕ್ಷೆಯಲ್ಲಿ ಎಂಟನೇ ತರಗತಿಯವರಿಗಿಂತ 11, 12ನೇ ತರಗತಿಯವರಲ್ಲಿ ಬಳಕೆ ಸುಮಾರು ಎರಡು ಪಟ್ಟು ಇತ್ತು. ಮಹಾರಾಷ್ಟ್ರದಲ್ಲಿ ಆ ವಯಸ್ಸಿನ ಹೆಚ್ಚಿನವರು ಶಾಲೆಯಲ್ಲೇ ಇರುವುದಿಲ್ಲ ಎಂಬುದನ್ನೂ ನೆನಪಿಡಿ. ಹತ್ತನೇ ತರಗತಿ ಮುಗಿದರೆ ಜೂನಿಯರ್ ಕಾಲೇಜು. ಸಮವಸ್ತ್ರದ ಕಟ್ಟುನಿಟ್ಟು ಸಡಿಲ, ಲೋಕಲ್ ಟ್ರೇನಿನ ಪಾಸು, ಕೈಯಲ್ಲಿ ಸ್ವಲ್ಪ ದುಡ್ಡು.

ಇನ್ನು ಕೇಳಿದ ಜಾಗ. ರಾಷ್ಟ್ರೀಯ ಸಮೀಕ್ಷೆಯವರು 2,00,111 ಮನೆಗಳಿಗೆ ಹೋಗಿ 4,73,569 ಜನರನ್ನು ಮಾತಾಡಿಸಿದರು. ದೊಡ್ಡ ಕೆಲಸ, ಅನುಮಾನವಿಲ್ಲ. ಆದರೆ ಒಂದೇ ಖೋಲಿಯ ಮನೆಯಲ್ಲಿ, ಅಮ್ಮ ಮೂರಡಿ ದೂರದಲ್ಲಿ ರೊಟ್ಟಿ ತಟ್ಟುತ್ತಿರುವಾಗ, ಹದಿನೈದರ ಹುಡುಗ ಅಪರಿಚಿತರ ಮುಂದೆ "ಹೌದು, ಕುಡಿದಿದ್ದೇನೆ" ಅನ್ನುತ್ತಾನಾ? ಶಾಲೆಯಲ್ಲಿ ಹಾಳೆಯ ಮೇಲೆ ಗುರುತು ಹಾಕುವುದು ಅದಕ್ಕಿಂತ ಸುಲಭ.

ಛೇದ, ಅಂದರೆ ಆ ಶೇಕಡಾ ಯಾರ ಪೈಕಿ ಎಂಬುದನ್ನು ಗಮನಿಸದೆ ಅಂಕಿ ಓದುವ ಅಪಾಯಕ್ಕೆ ಇನ್ನೊಂದು ಉದಾಹರಣೆ ಇದೆ. ರಾಷ್ಟ್ರೀಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ತಂಬಾಕು ಶೇ 83.2, ಮದ್ಯ ಶೇ 67.7 ಎಂಬ ಅಂಕಿಗಳಿವೆ. ನೋಡಿದರೆ ಎದೆ ಧಸಕ್ಕನ್ನುತ್ತದೆ. ಆದರೆ ಆ 4,024 ಮಕ್ಕಳನ್ನು ಆರಿಸಿದ್ದೇ ಅವರು ಆಗಲೇ ಅಮಲು ಪದಾರ್ಥ ಬಳಸುತ್ತಿದ್ದರು ಎಂಬ ಕಾರಣಕ್ಕೆ. ಅಂದರೆ ಆ ಶೇಕಡಾವಾರು ದೇಶದ ಮಕ್ಕಳದ್ದಲ್ಲ. ಈಗಾಗಲೇ ಬಳಸುವವರು ಏನೇನು ಬಳಸುತ್ತಾರೆ ಎಂಬುದರದ್ದು.

ಮುಂಬೈ ಬಗ್ಗೆ ಇದು ಏನು ಹೇಳುತ್ತದೆ?

ನೇರವಾಗಿ ಹೇಳುವುದಾದರೆ, ಬಹಳ ಕಡಿಮೆ. 5,920ನ್ನು ಹತ್ತು ನಗರಗಳಿಗೆ ಹಂಚಿದರೆ ಊರಿಗೆ ಸರಾಸರಿ 592 ಮಕ್ಕಳು. ಮದ್ಯದ ಶೇ 3.8 ಎಂದರೆ ಊರಿಗೆ 22 ಮಕ್ಕಳು. ಈ ಇಪ್ಪತ್ತೆರಡನ್ನು ಹುಡುಗ, ಹುಡುಗಿ, ಖಾಸಗಿ ಶಾಲೆ, ಸರ್ಕಾರಿ ಶಾಲೆ ಎಂದು ಮತ್ತೆ ಒಡೆದರೆ ಒಂದೊಂದು ಗುಂಪಿನಲ್ಲಿ ಐದಾರು ಮಕ್ಕಳು ಉಳಿಯುತ್ತಾರೆ. ಅಷ್ಟರ ಮೇಲೆ ಈ ಮಹಾನಗರದ ಬಗ್ಗೆ ತೀರ್ಪು ಕೊಡಲಾಗದು. ಹತ್ತು ನಗರಗಳ ಒಟ್ಟು ಚಿತ್ರಕ್ಕೆ ಈ ಸಮೀಕ್ಷೆ ಸಾಕು, ಒಂದು ನಗರದ ಚಿತ್ರಕ್ಕೆ ಸಾಲದು.

ಸರಾಸರಿ ಎಷ್ಟನ್ನು ಮುಚ್ಚಿಡುತ್ತದೆ ಎಂದು ತಿಳಿಯಲು ತಂಬಾಕಿನ ಸಮೀಕ್ಷೆ ನೋಡಬಹುದು. ಮುಂಬೈನ ದೇವನಾರ್‌ನಲ್ಲಿರುವ ಅಂತರರಾಷ್ಟ್ರೀಯ ಜನಸಂಖ್ಯಾ ವಿಜ್ಞಾನ ಸಂಸ್ಥೆ 2019ರಲ್ಲಿ 987 ಶಾಲೆಗಳ 97,302 ವಿದ್ಯಾರ್ಥಿಗಳನ್ನು ಕೇಳಿತ್ತು. 13ರಿಂದ 15 ವರ್ಷದವರಲ್ಲಿ ತಂಬಾಕು ಬಳಸುವವರು ದೇಶದ ಸರಾಸರಿಯಲ್ಲಿ ಶೇ 8.5. ಆದರೆ ಅರುಣಾಚಲ, ಮಿಜೋರಾಂಗಳಲ್ಲಿ ಅದು ಶೇ 58ರ ಹತ್ತಿರ, ಕರ್ನಾಟಕದಲ್ಲಿ ಶೇ 1.2. ಹೀಗಿರುವಾಗ ಇಂಫಾಲ, ದಿಬ್ರುಗಢ, ಮುಂಬೈ, ಬೆಂಗಳೂರುಗಳನ್ನು ಒಟ್ಟಿಗೆ ಹಾಕಿ ತೆಗೆದ ಸರಾಸರಿಯನ್ನು ಅಂಧೇರಿಯ ಶಾಲೆಗೆ ಅಂಟಿಸುವುದು ಹೇಗೆ?

ಅಂಕಿ ಹಳತು ಎಂಬ ಮಾತೂ ಇದೆ. ಅಂದು ಹದಿನಾಲ್ಕು ವರ್ಷವಾಗಿದ್ದವರಿಗೆ ಈಗ ಇಪ್ಪತ್ತು ದಾಟಿದೆ. ನಡುವೆ ಕೋವಿಡ್ ಬಂದು ಹೋಯಿತು, ಪ್ರತಿ ಮಗುವಿನ ಕೈಗೂ ಫೋನ್ ಬಂತು. ಸುದ್ದಿ ಓದಿ ನಾವು ಗಾಬರಿಯಾದದ್ದು ಇಂದಿನ ಮಕ್ಕಳ ಬಗ್ಗೆ. ಅಂಕಿ ಹೇಳಿದ್ದು ಅವರ ಅಣ್ಣ, ಅಕ್ಕಂದಿರ ಬಗ್ಗೆ.

ಮಕ್ಕಳು ನಿಜ ಹೇಳುತ್ತಾರಾ?

ಎರಡು ಬಗೆಯ ಸುಳ್ಳು ಇರುತ್ತದೆ. ಒಂದು, ಮಾಡಿದ್ದನ್ನು ಮಾಡಿಲ್ಲ ಅನ್ನುವುದು. ಏಮ್ಸ್‌ನ ಶಾಲಾ ಸಮೀಕ್ಷೆಯಲ್ಲೇ ಅರ್ಧಕ್ಕಿಂತ ಹೆಚ್ಚು ವಿದ್ಯಾರ್ಥಿಗಳು, ಅಮಲು ಪದಾರ್ಥದ ಬಗ್ಗೆ ಕೇಳಿದರೆ ಮುಚ್ಚಿಡುತ್ತೇವೆ ಎಂದು ಒಪ್ಪಿಕೊಂಡಿದ್ದಾರೆ. ಹಾಗಾಗಿ ನಿಜ ಸಂಖ್ಯೆ ಜಾಸ್ತಿಯೇ ಇರಬೇಕು ಎಂಬುದು ಸಂಶೋಧಕರ ವಾದ, ಅದು ಒಪ್ಪುವಂಥದ್ದೇ. ಇನ್ನೊಂದು, ಮಾಡದೇ ಇದ್ದದ್ದನ್ನು ಮಾಡಿದ್ದೇನೆ ಎಂದು ಜಂಬ ಕೊಚ್ಚುವುದು. ಯುರೋಪಿನಲ್ಲಿ 1995ರಿಂದ 15, 16 ವರ್ಷದವರ ಮೇಲೆ ನಡೆಯುವ ಎಸ್ಪಾಡ್ ಸಮೀಕ್ಷೆಯವರು ಇದಕ್ಕೊಂದು ಉಪಾಯ ಮಾಡಿದ್ದಾರೆ. ಪ್ರಶ್ನೆಗಳ ನಡುವೆ 'ರೆಲೆವಿನ್' ಎಂಬ ಹೆಸರು ಸೇರಿಸುತ್ತಾರೆ. ಅಂಥ ಮಾದಕ ವಸ್ತುವೇ ಇಲ್ಲ. ಅದನ್ನೂ ಬಳಸಿದ್ದೇನೆ ಎಂದು ಯಾರಾದರೂ ಬರೆದರೆ ಅವರ ಉಳಿದ ಉತ್ತರಗಳ ಮೇಲೂ ಅನುಮಾನ ಪಡಬಹುದು.

ಮುಚ್ಚಿಡುವ ಪ್ರಮಾಣ ಎಲ್ಲ ಮಕ್ಕಳಲ್ಲೂ ಒಂದೇ ಆಗಿದ್ದರೆ ಚಿಂತೆ ಇರಲಿಲ್ಲ. ಒಂದಷ್ಟು ಸೇರಿಸಿ ಲೆಕ್ಕ ಸರಿ ಮಾಡಬಹುದಿತ್ತು. ಆದರೆ ಸಿಕ್ಕಿಬಿದ್ದರೆ ಕಳೆದುಕೊಳ್ಳುವುದು ಒಬ್ಬೊಬ್ಬರಿಗೆ ಒಂದೊಂದು. ಹುಡುಗಿಗೆ ಮನೆಯ ಮರ್ಯಾದೆಯ ಭಯ. ಶುಲ್ಕ ರಿಯಾಯಿತಿಯಲ್ಲಿ ಓದುವ ಮಗುವಿಗೆ ಸೀಟು ಹೋಗುವ ಭಯ. ಹಾಗಾಗಿ ಸಮೀಕ್ಷೆಯಲ್ಲಿ ಕಾಣುವ ವರ್ಗದ ಅಂತರದಲ್ಲಿ ಎಷ್ಟು ಬಳಕೆಯದ್ದು, ಎಷ್ಟು ಭಯದ್ದು ಎಂದು ಬೇರ್ಪಡಿಸುವುದು ಕಷ್ಟ.

ಮನೆಯ ಸ್ಥಿತಿ ಅಳೆಯುವ ತಾಪತ್ರಯ

ಅಮಲಿಗೂ ಮನೆಯ ಸ್ಥಿತಿಗೂ ನಂಟು ಹುಡುಕಬೇಕಾದರೆ ಮೊದಲು ಮನೆಯ ಸ್ಥಿತಿ ಗೊತ್ತಾಗಬೇಕು. ಅಪ್ಪನ ಸಂಬಳ ಎಷ್ಟು ಎಂದು ಹದಿಮೂರರ ಮಗುವಿಗೆ ಗೊತ್ತಿರುವುದಿಲ್ಲ. ಅದಕ್ಕೇ ಯುರೋಪಿನ ಶಾಲಾ ಆರೋಗ್ಯ ಸಮೀಕ್ಷೆಗಳಲ್ಲಿ ಸುತ್ತು ದಾರಿ ಹಿಡಿಯುತ್ತಾರೆ: ಮನೆಯಲ್ಲಿ ಕಾರು ಇದೆಯಾ, ನಿನಗೇ ಅಂತ ಕೋಣೆ ಇದೆಯಾ, ಎಷ್ಟು ಬಾತ್‌ರೂಮ್, ಪಾತ್ರೆ ತೊಳೆಯುವ ಯಂತ್ರ ಇದೆಯಾ, ರಜೆಗೆ ಹೊರದೇಶಕ್ಕೆ ಹೋಗಿದ್ದಿರಾ.

ಮುಂಬೈನಲ್ಲಿ ಈ ಪಟ್ಟಿ ಕೈಕೊಡುತ್ತದೆ. ಇಲ್ಲಿ ಒಳ್ಳೆಯ ಸಂಬಳದ ಮನೆಯ ಮಗುವಿಗೂ ಸ್ವಂತ ಕೋಣೆ ಇರುವುದಿಲ್ಲ. ಭಾರತದ ನಗರಗಳಲ್ಲಿ ಸಂಶೋಧಕರು ಹೆಚ್ಚಾಗಿ ಬಳಸುವುದು 1976ರ ಕುಪ್ಪುಸ್ವಾಮಿ ಮಾಪಕ. ಮನೆಯ ಯಜಮಾನನ ಓದು, ಕಸುಬು, ಕುಟುಂಬದ ಆದಾಯ ಸೇರಿಸಿ ಅಂಕ ಕೊಡುತ್ತಾರೆ. ಬೆಲೆ ಏರಿದಂತೆ ಆದಾಯದ ಹಂತಗಳನ್ನು ತಿದ್ದುತ್ತಾ ಹೋಗಬೇಕು. ಅದೂ ವಲಸೆಗಾರರ ಬದುಕಿಗೆ ಪೂರ್ತಿ ಹೊಂದುವುದಿಲ್ಲ. ಕುಂದಾಪುರದ ಕಡೆ ಜಮೀನು, ಹೆಂಚಿನ ಮನೆ ಇರುವವರು ಇಲ್ಲಿ ಹೋಟೆಲಿನ ಕ್ಯಾಪ್ಟನ್ ಆಗಿ ನಾಲ್ಕು ಜನರ ಜತೆ ಖೋಲಿ ಹಂಚಿಕೊಂಡಿರುತ್ತಾರೆ. ಅವರು ಯಾವ ವರ್ಗ? ಊರಲ್ಲೊಂದು, ಇಲ್ಲೊಂದು.

ಡಿಸೆಂಬರ್‌ನ ಸುದ್ದಿಯ ಸಮೀಕ್ಷೆ ಶಾಲೆಗಳನ್ನು ನಗರದ ಸರ್ಕಾರಿ, ನಗರದ ಖಾಸಗಿ, ಗ್ರಾಮೀಣ ಎಂದು ವಿಂಗಡಿಸಿತ್ತು. ಖಾಸಗಿ ಎಂದರೆ ಉಳ್ಳವರು ಎಂದು ಓದುಗರು ಅಂದುಕೊಳ್ಳುತ್ತಾರೆ. ಆದರೆ ಮುಂಬೈನಲ್ಲಿ ಮನೆಗೆಲಸ ಮಾಡುವ ತಾಯಿಯೂ ಹೊಟ್ಟೆ ಕಟ್ಟಿ ಮಗುವನ್ನು ಕಡಿಮೆ ಶುಲ್ಕದ ಇಂಗ್ಲಿಷ್ ಮೀಡಿಯಂಗೆ ಹಾಕುತ್ತಾಳೆ. ಶಾಲೆಯ ಬೋರ್ಡು ನೋಡಿ ವರ್ಗ ಹೇಳಲು ಆಗದು.

ಬಡವರ ಮಕ್ಕಳೋ, ಉಳ್ಳವರ ಮಕ್ಕಳೋ?

ಎರಡೂ ಕಡೆಯವರಿಗೆ ಅವರವರ ಸಾಕ್ಷಿ ಇದೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ನೋಡಿದರೆ ತಂಬಾಕು ಮತ್ತು ಮದ್ಯ ಎರಡೂ ಕಡಿಮೆ ಓದಿದ, ಕಡಿಮೆ ಆಸ್ತಿಯ ಗಂಡಸರಲ್ಲಿ ಜಾಸ್ತಿ. 2019ರಿಂದ 2021ರ ಸುತ್ತಿನಲ್ಲಿ ಹಳ್ಳಿಯ ಗಂಡಸರಲ್ಲಿ ಶೇ 19.9, ನಗರದವರಲ್ಲಿ ಶೇ 16.5 ಮಂದಿ ಕುಡಿಯುತ್ತೇವೆ ಎಂದಿದ್ದರು. ಇನ್ನೊಂದು ಕಡೆ, ಅಮೆರಿಕದಲ್ಲಿ ಮನೋವಿಜ್ಞಾನಿ ಸುನಿಯಾ ಲೂಥರ್ 1999ರಲ್ಲಿ ಪ್ರಕಟಿಸಿದ ಅಧ್ಯಯನ ಎಲ್ಲರ ನಂಬಿಕೆ ತಲೆಕೆಳಗು ಮಾಡಿತ್ತು. ನಗರದ ಬಡ ಬಡಾವಣೆಯ ಹದಿಹರೆಯದವರಿಗಿಂತ ಶ್ರೀಮಂತ ಉಪನಗರದ ಹದಿಹರೆಯದವರೇ ಹೆಚ್ಚು ಬಳಸುತ್ತಿದ್ದರು.

ಜಗಳ ಬಗೆಹರಿಯದ್ದಕ್ಕೆ ಕಾರಣ ಇಷ್ಟೇ: 'ಅಮಲು' ಎಂಬುದು ಒಂದು ಪದಾರ್ಥವಲ್ಲ. ಒಂದೊಂದಕ್ಕೂ ಒಂದೊಂದು ಬೆಲೆ, ಒಂದೊಂದು ಅಂಗಡಿ.

ಮೂಸಿ ಅಮಲೇರಿಸಿಕೊಳ್ಳುವ ವೈಟ್ನರ್, ಥಿನ್ನರ್, ಸೊಲ್ಯೂಷನ್ (ಅಂಟು) ತಗೊಳ್ಳಿ. ಸ್ಟೇಷನರಿ ಅಂಗಡಿ, ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ಮಾಲು. ಅಗ್ಗ, ಯಾರೂ ವಯಸ್ಸು ಕೇಳುವುದಿಲ್ಲ. 2019ರ ವರದಿಯಲ್ಲಿ ದೊಡ್ಡವರಿಗಿಂತ ಮಕ್ಕಳಲ್ಲೇ ಬಳಕೆ ಹೆಚ್ಚಿದ್ದ ಒಂದೇ ಒಂದು ಬಗೆ ಇದು: ಮಕ್ಕಳಲ್ಲಿ ಶೇ 1.17, ದೊಡ್ಡವರಲ್ಲಿ ಶೇ 0.58. ಶಾಲಾ ಸಮೀಕ್ಷೆಯಲ್ಲೂ ಎಲ್ಲಕ್ಕಿಂತ ಬೇಗ, ಸರಾಸರಿ 11.3 ವರ್ಷಕ್ಕೇ ಶುರುವಾಗುವುದು ಇದೇ. ಬೀದಿಯಲ್ಲಿ ಬದುಕುವ ಮಗು ಹಸಿವು, ಚಳಿ ಮರೆಯಲು ಇದನ್ನು ಮೂಸುತ್ತದೆ. ಮೆಫೆಡ್ರೋನ್, ಅಂದರೆ ಮುಂಬೈ, ಪುಣೆಯವರು 'ಎಂಡಿ' ಅನ್ನುವ ಪುಡಿ, ಬೇರೆ ಕತೆ. ಅದಕ್ಕೆ ದುಡ್ಡು ಬೇಕು, ಪರಿಚಯ ಬೇಕು. 2015ರ ಫೆಬ್ರುವರಿಯಲ್ಲಿ ಅದನ್ನು ಮಾದಕ ವಸ್ತುಗಳ ಕಾಯ್ದೆಯಡಿ ತಂದರು. ಮಾತ್ರೆಗಳದ್ದು ಮತ್ತೂ ಬೇರೆ. ವೈದ್ಯರ ಚೀಟಿ ಇಲ್ಲದೆ ನೋವಿನ ಮಾತ್ರೆ, ನಿದ್ದೆ ಮಾತ್ರೆ ಕೊಡುವ ಔಷಧಿ ಅಂಗಡಿ ಎಲ್ಲ ಬಡಾವಣೆಯಲ್ಲೂ ಇರಬಹುದು. ಹಾಗಾಗಿ ಒಂದೇ ಗೆರೆ ಎಳೆದು 'ಬಡತನ ಹೆಚ್ಚಿದಂತೆ ಚಟ ಹೆಚ್ಚು' ಅನ್ನುವುದು ಸೋಮಾರಿ ವಿಶ್ಲೇಷಣೆ.

ಬಳಕೆ ಬೇರೆ, ಪೆಟ್ಟು ಬೇರೆ ಎಂಬುದು ಇದಕ್ಕಿಂತ ಮುಖ್ಯ. ಒಂದೇ ಪ್ರಮಾಣದಲ್ಲಿ ಕುಡಿದರೂ ಕೆಳಸ್ತರದವರಿಗೆ ಹೆಚ್ಚು ಹಾನಿ ಆಗುತ್ತದೆ ಎಂದು ಹಲವು ದೇಶಗಳ ಅಧ್ಯಯನಗಳು ತೋರಿಸಿವೆ. ಊಟ, ಚಿಕಿತ್ಸೆ, ಕೆಲಸದ ಭದ್ರತೆ ಇಲ್ಲದ ಕಡೆ ಸಣ್ಣ ತಪ್ಪಿಗೂ ದೊಡ್ಡ ಬೆಲೆ. ಉಳ್ಳವರ ಮನೆಯ ಹುಡುಗನಿಗೆ ಕೌನ್ಸೆಲರ್ ಸಿಗುತ್ತಾರೆ, ವಕೀಲರು ಸಿಗುತ್ತಾರೆ. 2024ರ ಮೇ 19ರಂದು ಪುಣೆಯ ಕಲ್ಯಾಣಿ ನಗರದಲ್ಲಿ 17ರ ಹುಡುಗ ಓಡಿಸುತ್ತಿದ್ದ ಪೋರ್ಷೆ ಕಾರು ಇಬ್ಬರು ಯುವ ಎಂಜಿನಿಯರ್‌ಗಳ ಪ್ರಾಣ ತೆಗೆಯಿತು. ಅದಕ್ಕೆ ಮೊದಲು ಅವನು ಪಬ್‌ಗಳಲ್ಲಿ ಕುಡಿದಿದ್ದ ಎಂಬುದು ಪೊಲೀಸರ ಆರೋಪ. ಮೊದಲ ಜಾಮೀನಿನ ಷರತ್ತಿನಲ್ಲಿ 300 ಪದಗಳ ಪ್ರಬಂಧ ಬರೆಯಲು ಹೇಳಿದ್ದು ದೇಶಕ್ಕೆಲ್ಲ ಗೊತ್ತು. ಕುರ್ಲಾ ಸ್ಟೇಷನ್ ಹೊರಗೆ ಸೊಲ್ಯೂಷನ್ ಮೂಸುವ ಹುಡುಗ ಸಿಕ್ಕಿಬಿದ್ದರೆ ಪ್ರಬಂಧದ ಮಾತು ಬರುತ್ತಾ?

ಕಾಲದ ಜತೆ ಬದಲಾಗುವುದೂ ಇದೆ. ಗೋವಾದ ಗಂಡಸರ ಮೇಲೆ ನಡೆದ ಅಧ್ಯಯನದಲ್ಲಿ, 1956ರಿಂದ 1960ರ ನಡುವೆ ಹುಟ್ಟಿದವರಲ್ಲಿ ಹದಿಹರೆಯದಲ್ಲೇ ಕುಡಿತ ಶುರು ಮಾಡಿದವರು ಶೇ 19.5. 1981ರಿಂದ 1985ರ ನಡುವೆ ಹುಟ್ಟಿದವರಲ್ಲಿ ಅದು ಶೇ 74.3. ಹಳಬರಿಗೆ ನೆನಪು ಮಸುಕಾಗಿರಬಹುದು, ಬೇಗ ಶುರು ಮಾಡಿದ ಕೆಲವರು ಸಮೀಕ್ಷೆಗೆ ಮೊದಲೇ ತೀರಿಹೋಗಿರಬಹುದು. ಅದನ್ನೆಲ್ಲ ಕಳೆದರೂ ಒಂದೇ ತಲೆಮಾರಿನಲ್ಲಿ ಇಷ್ಟು ಬದಲಾವಣೆ ಬಡತನದಿಂದ ಬಂತು ಅನ್ನಲಾಗದು.

ಲೆಕ್ಕಕ್ಕೇ ಸಿಗದವರು

ಶಾಲಾ ಸಮೀಕ್ಷೆ ಅಂದು ತರಗತಿಯಲ್ಲಿ ಕೂತವರನ್ನು ಮಾತ್ರ ಎಣಿಸುತ್ತದೆ. ಮಧ್ಯಾಹ್ನ ಎರಡಕ್ಕೆ ದಾದರ್‌ನಲ್ಲಿ ನಿಂತು ಲೋಕಲ್‌ನ ನೂಕುನುಗ್ಗಲು ಅಳೆದ ಹಾಗೆ. ಶಾಲೆ ಬಿಟ್ಟವರು, ಪದೇ ಪದೇ ಗೈರಾಗುವವರು, ಊರಿನ ಬಿತ್ತನೆಗೆಂದು ಎರಡು ತಿಂಗಳು ಕಲಬುರಗಿ, ಯಾದಗಿರಿ ಕಡೆ ಹೋಗುವ ಕೂಲಿಕಾರರ ಮಕ್ಕಳು ಅದರಲ್ಲಿಲ್ಲ. ಅಪಾಯ ಹೆಚ್ಚಿರುವುದು ಅವರಿಗೇ. ಮನೆ ಸಮೀಕ್ಷೆಯಲ್ಲಿ ಫುಟ್‌ಪಾತಿನ ಮಕ್ಕಳಿಲ್ಲ, ಹಾಸ್ಟೆಲಿನ ಮಕ್ಕಳಿಲ್ಲ. ಅವರನ್ನು ಬಿಟ್ಟ 2019ರ ವರದಿಯ ಅಂದಾಜಿನಲ್ಲೇ ಮೂಸುವ ಚಟದಿಂದ ಹೊರಬರಲು ನೆರವು ಬೇಕಾದ ಮಕ್ಕಳು 4.6 ಲಕ್ಷ.

ಒಪ್ಪಿಗೆಯ ನಿಯಮವೂ ಜರಡಿ ಹಿಡಿಯುತ್ತದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿ ಪ್ರಕಾರ ಅಪ್ರಾಪ್ತರ ಸಂಶೋಧನೆಗೆ ಪೋಷಕರ ಒಪ್ಪಿಗೆ ಬೇಕು, ಮಗುವಿನ ಸಮ್ಮತಿಯೂ ಬೇಕು. ನಿಯಮ ಸರಿಯಾದದ್ದೇ. ಆದರೆ ಒಪ್ಪಿಗೆ ಪತ್ರ ಸಹಿಯಾಗಿ ಬರುವುದು ಮಕ್ಕಳ ಓದು, ಓಡಾಟದ ಮೇಲೆ ನಿಗಾ ಇಟ್ಟಿರುವ ಮನೆಗಳಿಂದ. ಮುಂಬೈ ಪಾಲಿಕೆ ಕನ್ನಡ ಸೇರಿ ಎಂಟು ಭಾಷೆಗಳಲ್ಲಿ ಶಾಲೆ ನಡೆಸುವ ಊರಿದು. ಪತ್ರ ಮರಾಠಿ, ಹಿಂದಿ, ಇಂಗ್ಲಿಷಿನಲ್ಲಿ ಮಾತ್ರ ಹೋದರೆ ಕನ್ನಡವಷ್ಟೇ ಓದಬಲ್ಲ ತಾಯಿ ಅದನ್ನು ಸುಮ್ನೆ ಪಕ್ಕಕ್ಕಿಡುತ್ತಾಳೆ. ಅವಳ ಮಗು ಸಮೀಕ್ಷೆಯಿಂದ ಹೊರಗೆ.

ಈಗ ಯಾರು ಏನು ಕೇಳುತ್ತಿದ್ದಾರೆ

ಮನೋವೈದ್ಯರ ನಿಲುವು: ಅಂಕಿ ಚಿಕ್ಕದಿರಲಿ ದೊಡ್ಡದಿರಲಿ, ಹನ್ನೆರಡಕ್ಕೇ ಶುರುವಾಗುತ್ತಿದೆ ಎಂದರೆ ತಡೆಯುವ ಕೆಲಸ ಅದಕ್ಕೂ ಮೊದಲು ಆಗಬೇಕು. ಅಮಲು ಬಳಸಿದವರಲ್ಲಿ ಮಾನಸಿಕ ತೊಂದರೆಗಳೂ ಹೆಚ್ಚು ಎಂಬುದು ಅವರ ಇನ್ನೊಂದು ಅಂಶ. ತೊಂದರೆಯಿಂದ ಅಮಲೋ, ಅಮಲಿನಿಂದ ತೊಂದರೆಯೋ ಎಂಬುದನ್ನು ಒಂದೇ ಸಲ ಕೇಳುವ ಸಮೀಕ್ಷೆ ಹೇಳಲಾರದು. ಪೊಲೀಸರು ಪೂರೈಕೆ ಕತ್ತರಿಸಿ ಅನ್ನುತ್ತಾರೆ. ಮಕ್ಕಳ ಹಕ್ಕಿನವರು, ಬ್ಯಾಗು ತಪಾಸಣೆ, ಮೂತ್ರ ಪರೀಕ್ಷೆಗೆ ಇಳಿದರೆ ಬಡ ಬಡಾವಣೆಯ ಶಾಲೆಗಳಲ್ಲೇ ಅದು ಶುರುವಾಗುತ್ತದೆ ಎಂದು ಎಚ್ಚರಿಸುತ್ತಾರೆ. ಶಾಲೆಗಳಿಗೆ ಹೆಸರು ಕೆಡಬಾರದು, ಅಷ್ಟೇ.

ಕಾನೂನು ಕಡಿಮೆ ಇಲ್ಲ. ಮಹಾರಾಷ್ಟ್ರದಲ್ಲಿ ಬಿಯರ್‌ಗೆ 21, ವಿಸ್ಕಿಯಂಥದ್ದಕ್ಕೆ 25 ವರ್ಷ ತುಂಬಬೇಕು. ಮೇಲಾಗಿ 1949ರ ಪಾನನಿಷೇಧ ಕಾಯ್ದೆಯಿಂದಾಗಿ ಕುಡಿಯುವವರಿಗೆ ಪರ್ಮಿಟ್ ಬೇಕು. ನಮ್ಮ ತುಳುನಾಡಿನ ಎಷ್ಟೋ ಜನ ನಡೆಸುವ 'ಪರ್ಮಿಟ್ ರೂಮ್' ಬಾರುಗಳ ಬೋರ್ಡಿನ ಹೆಸರು ಬಂದದ್ದೇ ಅದರಿಂದ. 2015ರ ಬಾಲ ನ್ಯಾಯ ಕಾಯ್ದೆಯ 77ನೇ ಸೆಕ್ಷನ್ ಪ್ರಕಾರ ಮಗುವಿಗೆ ಮದ್ಯ, ಮಾದಕ ವಸ್ತು ಕೊಟ್ಟವರಿಗೆ ಏಳು ವರ್ಷದವರೆಗೆ ಸಜೆ. ಹೀಗಿದ್ದೂ ಏಮ್ಸ್‌ನ ಶಾಲಾ ಸಮೀಕ್ಷೆಯ ಶೇ 46.3 ಮಕ್ಕಳು ತಮ್ಮ ವಯಸ್ಸಿನವರಿಗೆ ತಂಬಾಕು ಸುಲಭವಾಗಿ ಸಿಗುತ್ತದೆ ಎಂದಿದ್ದಾರೆ. ಮದ್ಯದ ಬಗ್ಗೆ ಹಾಗೆಂದವರು ಶೇ 36.5.

ಮುಂದೆ ಏನಾಗಬಹುದು

ಸದ್ಯಕ್ಕೆ ಹೆಚ್ಚಾಗಿ ನಡೆಯುವುದು ಜಾಗೃತಿ ಕಾರ್ಯಕ್ರಮ. ಪ್ರಮಾಣವಚನ, ಪೋಸ್ಟರ್, ರ್‍ಯಾಲಿ. ಆದರೆ ಇದೇ ಸಮೀಕ್ಷೆಯಲ್ಲಿ ಶೇ 95 ಮಕ್ಕಳು ಅಮಲು ಪದಾರ್ಥ ಹಾನಿಕರ ಎಂದು ಒಪ್ಪಿದ್ದಾರೆ, ಯಾವ ತರಗತಿಯವರೇ ಆಗಲಿ. ಗೊತ್ತಿರುವುದನ್ನೇ ಮತ್ತೆ ಹೇಳುವುದರಿಂದ ಆಗುವುದು ಅಷ್ಟಕ್ಕಷ್ಟೇ. ಸುಮಾರು ಶೇ 40 ಮಕ್ಕಳು ಮನೆಯಲ್ಲಿ ಯಾರಾದರೂ ತಂಬಾಕು ಅಥವಾ ಮದ್ಯ ಬಳಸುತ್ತಾರೆ ಎಂದಿದ್ದರು. ಪೋಸ್ಟರ್ ಅಂಟಿಸುವುದಾದರೆ ಆ ಮನೆಗಳಲ್ಲಿ ಅಂಟಿಸಬೇಕು.

ಐಸ್‌ಲ್ಯಾಂಡ್ ಬೇರೆ ದಾರಿ ಹಿಡಿದಿತ್ತು. 1998ರಲ್ಲಿ ಅಲ್ಲಿ 15, 16 ವರ್ಷದವರಲ್ಲಿ ಶೇ 42 ಮಂದಿ ಹಿಂದಿನ ತಿಂಗಳು ಕುಡಿದು ಅಮಲೇರಿಸಿಕೊಂಡಿದ್ದೆವು ಎಂದಿದ್ದರು. 2016ಕ್ಕೆ ಅದು ಶೇ 5ಕ್ಕೆ ಇಳಿಯಿತು. ಮಕ್ಕಳ ಆಟ, ಹಾಡು, ಕಲಿಕೆಗೆ ಸರ್ಕಾರವೇ ದುಡ್ಡು ಕೊಟ್ಟಿತು. ರಾತ್ರಿ ಹೊರಗಿರುವ ಸಮಯಕ್ಕೆ ಮಿತಿ ಬಂತು. ಪೋಷಕರು ಗುಂಪಾಗಿ ಬಡಾವಣೆ ಸುತ್ತಿದರು. ನಮಗೆ ಮುಖ್ಯವಾದದ್ದು ಇದು: ಸಮೀಕ್ಷೆಯ ಫಲಿತಾಂಶ ಕೆಲವೇ ತಿಂಗಳಲ್ಲಿ ಆಯಾ ಬಡಾವಣೆ, ಆಯಾ ಶಾಲೆಯ ಕೈಗೆ ಮರಳಿ ಹೋಗುತ್ತಿತ್ತು. ನಮ್ಮಲ್ಲಿ ಆರೂವರೆ ವರ್ಷ ಹಿಡಿಯಿತು, ಬಂದದ್ದೂ ಹತ್ತು ನಗರಗಳ ಸರಾಸರಿ.

ಅದು ನಾಲ್ಕು ಲಕ್ಷವೂ ಇಲ್ಲದ ಸಿರಿವಂತ ದೇಶ, ನಮಗೆ ಹೊಂದುವುದಿಲ್ಲ ಎಂಬ ಆಕ್ಷೇಪ ಇದೆ. ದುಡ್ಡಿನ ಮಟ್ಟಿಗೆ ಸರಿ. ಜನಸಂಖ್ಯೆಯ ಮಟ್ಟಿಗೆ ವಾದ ತಿರುಗುಬಾಣ. 2011ರ ಜನಗಣತಿಯ 1.24 ಕೋಟಿಯನ್ನು ಮುಂಬೈನ ಅಂದಿನ 24 ಆಡಳಿತ ವಾರ್ಡುಗಳಿಗೆ ಹಂಚಿದರೆ ವಾರ್ಡಿಗೆ ಐದು ಲಕ್ಷದ ಮೇಲೆ. ಒಂದು ದೇಶ ಮಾಡಿದ್ದನ್ನು ಒಂದು ವಾರ್ಡು ಪ್ರಯತ್ನಿಸಬಹುದು, ಅಲ್ವಾ? ಧಾರಾವಿಯ ವಾರ್ಡಿಗೂ ಬಾಂದ್ರಾದ ವಾರ್ಡಿಗೂ ಬೇರೆ ಅಂಕಿ ಬಂದರೆ ಬೇರೆ ಮದ್ದು ಹುಡುಕಬಹುದು.

ಬದಲಿಗೆ ತಪಾಸಣೆ, ಅಮಾನತಿನ ದಾರಿ ಹಿಡಿದರೆ ಏನಾಗುತ್ತದೆ ಎಂದು ಊಹಿಸುವುದು ಕಷ್ಟವಲ್ಲ. ಹಿಡಿದುಬಿಡುತ್ತಾರೆ ಎಂದು ಗೊತ್ತಾದ ಮಕ್ಕಳು ಮುಂದಿನ ಸಮೀಕ್ಷೆಯಲ್ಲಿ 'ಇಲ್ಲ' ಎಂದು ಗುರುತು ಹಾಕುತ್ತಾರೆ. ಅಂಕಿ ಇಳಿಯುತ್ತದೆ, ಅಧಿಕಾರಿಗಳು ಬೆನ್ನು ತಟ್ಟಿಕೊಳ್ಳುತ್ತಾರೆ. ಶಾಲೆಯಿಂದ ಹೊರಹಾಕಿದ ಮಗು ಸಮೀಕ್ಷೆಯಿಂದಲೂ ಹೊರಬೀಳುವುದರಿಂದ ಅಂಕಿ ಇನ್ನಷ್ಟು ಚೆನ್ನಾಗಿ ಕಾಣುತ್ತದೆ.

ಮನೆಯಲ್ಲೇ ಪ್ರಶ್ನೆ ಎದುರಾದವರಿಗೆ ಎರಡು ಸರ್ಕಾರಿ ಸಂಖ್ಯೆಗಳಿವೆ. ಚಟ ಬಿಡಿಸುವ ನೆರವಿಗೆ 14446. ಮಾನಸಿಕ ಆರೋಗ್ಯದ ಟೆಲಿ ಮಾನಸ್‌ಗೆ 14416. ಟೆಲಿ ಮಾನಸ್‌ನಲ್ಲಿ ಕನ್ನಡದಲ್ಲೂ ಮಾತಾಡಬಹುದು. ಚಟಕ್ಕೆ ಬಿದ್ದವರು ತಾವಾಗಿ ಚಿಕಿತ್ಸೆಗೆ ಬಂದರೆ ಅಲ್ಪ ಪ್ರಮಾಣದ ಪ್ರಕರಣಗಳಲ್ಲಿ ಮೊಕದ್ದಮೆಯಿಂದ ರಕ್ಷಣೆ ಕೊಡುವ 64ಎ ಸೆಕ್ಷನ್ ಮಾದಕ ವಸ್ತುಗಳ ಕಾಯ್ದೆಯಲ್ಲೇ ಇದೆ. ಪೊಲೀಸ್ ಕೇಸಿನ ಭಯದಿಂದ ಆಸ್ಪತ್ರೆಗೆ ಹೋಗದವರಿಗೆ ಇದನ್ನು ಹೇಳುವವರು ಕಡಿಮೆ.